ನಡೆದದ್ದೇ ಎಂದು ನಂಬಿದವರು

ಹತ್ತೊಂಬತ್ತರ ಹರೆಯದ ಮಗಳು ಕಾಣೆಯಾಗಿದ್ದಾಳೆ. ತಾಯಿ ಕಂಗಾಲಾಗಿ ಹುಡುಕುತ್ತಿದ್ದಾಳೆ. ವಿಡಿಯೊ ಕ್ಯಾಮೆರಾ ಹಿಡಿದ ಒಬ್ಬ ಗಂಡಸು ಅವಳ ಬಳಿಗೆ ಬಂದು ಬಹಳ ಸಭ್ಯವಾಗಿ ಮಾತಿಗಿಳಿಯುತ್ತಾನೆ. ಹುಡುಕಲು ತಾನೂ ಸಹಾಯ ಮಾಡಲೇ ಎಂದು ಕೇಳುತ್ತಾನೆ. ಅಪರಿಚಿತ ತೋರಿದ ಕಾಳಜಿಗೆ ತಾಯಿಯ ಮುಖದಲ್ಲಿ ಮೊದಲು ಕೃತಜ್ಞತೆ ಕಾಣುತ್ತದೆ. ಆಮೇಲೆ ಅವನ ದನಿಯಲ್ಲಿ ಏನೋ ಸರಿಯಿಲ್ಲ ಎಂಬ ಅನುಮಾನ. ಅವನು ನಗು ತಡೆಯಲಾರದೆ ಕಿಸಕ್ಕೆನ್ನುತ್ತಾನೆ. ತನ್ನ ಮುಂದೆ ನಿಂತಿರುವವನು ಯಾರೆಂದು ಅವಳಿಗೆ ಆಗ ಹೊಳೆಯುತ್ತದೆ. ಅಷ್ಟರಲ್ಲಿ ಅವನು ಓಡಿಹೋಗಿರುತ್ತಾನೆ.

ಈ ದೃಶ್ಯದಲ್ಲಿ ರಕ್ತವಿಲ್ಲ, ಚಾಕುವಿಲ್ಲ, ಎದೆ ನಡುಗಿಸುವ ಹಿನ್ನೆಲೆ ಸಂಗೀತವೂ ಇಲ್ಲ. ಆದರೂ 'ದಿ ಪೊಕಿಪ್ಸಿ ಟೇಪ್ಸ್' ನೋಡಿದವರಲ್ಲಿ ಬಹಳ ಮಂದಿ ಮರೆಯಲಾಗದೆ ಹೊತ್ತುಕೊಂಡು ಹೋಗುವುದು ಇದನ್ನೇ. ಅಮೆರಿಕದ ಡೌಡಲ್ ಸಹೋದರರು, ಅಂದರೆ ನಿರ್ದೇಶಕ ಜಾನ್ ಎರಿಕ್ ಮತ್ತು ನಿರ್ಮಾಪಕ ಡ್ರೂ, ಮಾಡಿದ ಈ ಚಿತ್ರ 2007ರಲ್ಲಿ ನ್ಯೂಯಾರ್ಕಿನ ಟ್ರೈಬೆಕಾ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡಿತು. ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿ ಪಟ್ಟಣದ ಪಾಳುಬಿದ್ದ ಮನೆಯೊಂದರಲ್ಲಿ ಪೊಲೀಸರಿಗೆ 800ಕ್ಕೂ ಹೆಚ್ಚು ವಿಡಿಯೊ ಟೇಪುಗಳು ಸಿಗುತ್ತವೆ. ಒಬ್ಬ ಸರಣಿ ಹಂತಕ ತನ್ನ ಕೃತ್ಯಗಳನ್ನು ತಾನೇ ಚಿತ್ರೀಕರಿಸಿಟ್ಟಿದ್ದಾನೆ. ಆ ಟೇಪುಗಳ ತುಣುಕುಗಳು, ನಡುನಡುವೆ ಎಫ್‌ಬಿಐ ಅಧಿಕಾರಿಗಳು, ಸ್ಥಳೀಯ ಪೊಲೀಸರು ಮತ್ತು ಬಲಿಯಾದವರ ಮನೆಯವರ ಸಂದರ್ಶನ. ಇಡೀ ಚಿತ್ರ ಸಾಕ್ಷ್ಯಚಿತ್ರದ ವೇಷದಲ್ಲಿ ನಡೆಯುತ್ತದೆ. ಹಂತಕ ಎಡ್ವರ್ಡ್ ಕಾರ್ವರ್ ಕಟ್ಟುಕತೆ. ಟೇಪುಗಳೂ ಕಟ್ಟುಕತೆಯೇ.

ಆದರೆ ಅದನ್ನು ನಿಜವೆಂದು ನಂಬಿದವರು ಇದ್ದರು, ಈಗಲೂ ಇದ್ದಾರೆ. ಅವರನ್ನು ಪೆದ್ದರೆಂದು ತಳ್ಳಿಹಾಕುವುದು ಸುಲಭ. ನನಗದು ಒಪ್ಪಿಗೆಯಿಲ್ಲ. ಅವರು ಸೋತದ್ದು ಚಿತ್ರದ ಕತೆಗಲ್ಲ, ಅದನ್ನು ಹೇಳಿದ ರೀತಿಗೆ. ಆ ರೀತಿಯ ಮೇಲೆ ವಿಶ್ವಾಸವಿಡುವುದನ್ನು ನಮಗೆಲ್ಲ ದಶಕಗಟ್ಟಲೆ ಕಲಿಸಲಾಗಿದೆ. ಕುರ್ಚಿಯಲ್ಲಿ ಕೂತ ನಿವೃತ್ತ ಅಧಿಕಾರಿ, ಪರದೆಯ ಕೆಳಗೆ ಅವನ ಹೆಸರು ಮತ್ತು ಹುದ್ದೆ, ಮಾತಿನ ನಡುವೆ ಗಂಟಲು ಕಟ್ಟಿ ಸುಮ್ಮನಾಗುವ ತಾಯಿ, ಮಸುಕಾದ ಹಳೆಯ ಫೋಟೊ. ಇಷ್ಟು ಕಂಡರೆ ಸಾಕು, 'ಇದು ಸುದ್ದಿ' ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಈಟಿವಿ ಕನ್ನಡದಲ್ಲಿ ರವಿ ಬೆಳಗೆರೆಯವರ 'ಕ್ರೈಂ ಡೈರಿ' ನೋಡಿ ಬೆಳೆದ ತಲೆಮಾರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆ ಶೈಲಿಯಲ್ಲಿ ಹೇಳಿದ ಮಾತನ್ನು ನಾವು ಪರೀಕ್ಷೆಗೆ ಹಚ್ಚುತ್ತಿರಲಿಲ್ಲ, ಮುಂದೇನಾಯಿತೆಂದು ಕೇಳುತ್ತಿದ್ದೆವು.

ಇನ್ನು ಟೇಪಿನ ಗುಣಮಟ್ಟ. ವಿಎಚ್‌ಎಸ್ ಕಾಲದವರಿಗೆ ನೆನಪಿರುತ್ತದೆ: ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಕಾಪಿ ಮಾಡುತ್ತ ಹೋದಂತೆ ಚಿತ್ರ ಕಲಸಿಹೋಗುತ್ತಿತ್ತು, ಬಣ್ಣ ಸೋರುತ್ತಿತ್ತು, ಪರದೆಯ ಅಡ್ಡಕ್ಕೆ ಗೆರೆಗಳು ಓಡುತ್ತಿದ್ದವು. ಈ ಚಿತ್ರದ ಟೇಪುಗಳೂ ಹಾಗೆಯೇ ಕಾಣುತ್ತವೆ. ಮುಖ ಸರಿಯಾಗಿ ತೋರುವುದಿಲ್ಲ, ಕತ್ತಲಲ್ಲಿ ಏನೋ ಅಲುಗಾಡುತ್ತದೆ, ಹಠಾತ್ತನೆ ಚಿತ್ರ ಮುರಿದುಬೀಳುತ್ತದೆ. ಪರದೆ ಬಿಟ್ಟದ್ದನ್ನು ನೋಡುವವನ ಕಲ್ಪನೆ ತುಂಬಿಕೊಳ್ಳುತ್ತದೆ, ಮತ್ತು ಪ್ರತಿಯೊಬ್ಬನೂ ತನಗೆ ಅತ್ಯಂತ ಭಯ ತರುವುದನ್ನೇ ಅಲ್ಲಿ ತುಂಬುತ್ತಾನೆ. ಹಂತಕ ಉದ್ದ ಕೊಕ್ಕಿನ ಮುಖವಾಡ ತೊಟ್ಟು, ನಾಲ್ಕು ಕಾಲಿನ ಪ್ರಾಣಿಯಂತೆ ತೆವಳಿಕೊಂಡು ಹೆಂಗಸಿನತ್ತ ಬರುವ ದೃಶ್ಯವಿದೆ. ಸ್ಪಷ್ಟ ಬೆಳಕಿನಲ್ಲಿ, ಒಳ್ಳೆಯ ಕ್ಯಾಮೆರಾದಲ್ಲಿ ತೆಗೆದಿದ್ದರೆ ಅದು ನಾಟಕದ ವೇಷವಾಗಿ ಉಳಿಯುತ್ತಿತ್ತು. ಹಾಳಾದ ಟೇಪಿನಲ್ಲಿ ಅದು ಮನುಷ್ಯನೋ ಅಲ್ಲವೋ ಎಂದು ಒಂದು ಕ್ಷಣ ತಿಳಿಯುವುದಿಲ್ಲ.

ನೋಡಿದವರು ಈ ಚಿತ್ರದ ಬಗ್ಗೆ ಒಂದೇ ದನಿಯಲ್ಲಿ ಮಾತಾಡಿದವರಲ್ಲ. ಟೇಪುಗಳಿಗೆ ಹೆದರಿದವರೇ ಸಂದರ್ಶನಗಳು ಬಂದಾಗ ನಿರಾಳವಾದದ್ದುಂಟು. ತಜ್ಞರ ಪಾತ್ರ ಮಾಡಿದವರಲ್ಲಿ ಕೆಲವರ ನಟನೆ ಎದ್ದು ಕಾಣುತ್ತದೆ. ನಿಜವಾದ ಅಧಿಕಾರಿ ಕ್ಯಾಮೆರಾ ಮುಂದೆ ಅಳೆದು ತೂಗಿ, ಮಾತು ನುಂಗಿಕೊಂಡು ಮಾತಾಡುತ್ತಾನೆ, ಇವರು ಭಾವವನ್ನು ಎಳೆದೆಳೆದು ತೋರಿಸುತ್ತಾರೆ. ಸಾಕ್ಷ್ಯಚಿತ್ರದ ವೇಷ ಹರಿಯುವುದು ಅಲ್ಲಿಯೇ. ಇನ್ನೊಂದು ಗುಂಪಿನ ಆಕ್ಷೇಪ ಹೆಚ್ಚು ಗಂಭೀರವಾದದ್ದು: ಹೆಂಗಸರ ನರಳಾಟವನ್ನು ಮತ್ತೆ ಮತ್ತೆ ತೋರಿಸಿ ಅದನ್ನೇ ಮನರಂಜನೆ ಮಾಡಲಾಗಿದೆ ಎಂಬುದು ಅವರ ವಾದ. ಆ ವಾದದಲ್ಲಿ ಹುರುಳಿದೆ. ಕೆಲವು ಟೇಪುಗಳನ್ನು ತೆಗೆದುಹಾಕಿದ್ದರೂ ಕತೆಗೆ ನಷ್ಟವಿರಲಿಲ್ಲ.

ಆದರೆ ಆ ವಾದ ಮುಟ್ಟದ ಒಂದು ದೃಶ್ಯವಿದೆ. ಮೊದಲು ಹೇಳಿದ ತಾಯಿ ಹುಡುಕುತ್ತಿದ್ದ ಮಗಳು ಚೆರಿಲ್ ಡೆಂಪ್ಸಿ ವರ್ಷಗಳ ಸೆರೆಯ ನಂತರ ಜೀವಂತ ಸಿಗುತ್ತಾಳೆ. ಸ್ಟೇಸಿ ಚಬಾಸ್ಕಿ ಮಾಡಿದ ಪಾತ್ರವಿದು. ಸಂದರ್ಶನಕ್ಕೆ ಕೂತಿದ್ದಾಳೆ. ಮೈ ಬಡಕಲಾಗಿದೆ, ಕಣ್ಣು ಎಲ್ಲೂ ನಿಲ್ಲುವುದಿಲ್ಲ, ಮಾತು ತುಂಡುತುಂಡಾಗಿ ಬರುತ್ತದೆ. ಬಿಡುಗಡೆಯಾದ ಸಂತೋಷ ಅವಳಲ್ಲಿಲ್ಲ. ತನ್ನನ್ನು ಹಿಂಸಿಸಿದವನು ತನ್ನನ್ನು ಪ್ರೀತಿಸುತ್ತಿದ್ದ ಎನ್ನುತ್ತಾಳೆ, ಅವನು ಬರುತ್ತಾನೆ ಎಂದು ಕಾಯುತ್ತಾಳೆ. ಅದುವರೆಗೆ ಹಂತಕನ ಕಣ್ಣಿನಿಂದಲೇ ನಡೆದಿದ್ದ ಚಿತ್ರ ಇಲ್ಲಿ ಮೊದಲ ಬಾರಿಗೆ ಹಿಂಸೆ ಅನುಭವಿಸಿದವಳ ಎದುರು ಕೂತು ಅವಳ ಮಾತಿಗೆ ಕಿವಿಗೊಡುತ್ತದೆ. ಪೊಲೀಸರು ಬಾಗಿಲು ಒಡೆದು ಒಳಬಂದರೆ ಎಲ್ಲ ಮುಗಿಯಿತು ಎಂದು ನಂಬಿಸುವ ನೂರಾರು ಸಿನಿಮಾಗಳಿಗೆ ಈ ಕೆಲವು ನಿಮಿಷಗಳು ಉತ್ತರ ಕೊಡುತ್ತವೆ. ಮುಂದೆ ಅವಳು ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ, ಅವಳ ಶವವನ್ನು ಸಮಾಧಿಯಿಂದ ಕದಿಯಲಾಗುತ್ತದೆ. ಆ ಕೊನೆಯ ತಿರುವು ನನಗೆ ಹಿಡಿಸಲಿಲ್ಲ. ಚೆರಿಲ್ ಗಳಿಸಿಕೊಂಡಿದ್ದ ಗಮನವನ್ನು ಅದು ಕಿತ್ತು ಮತ್ತೆ ಹಂತಕನ ಜಾಣ್ಮೆಗೆ ಒಪ್ಪಿಸುತ್ತದೆ.

ಚಿತ್ರದ ಸುತ್ತ ದಂತಕತೆ ಹುಟ್ಟಲು ಅದರ ವಿತರಣೆಯ ವಿಚಿತ್ರ ಚರಿತ್ರೆಯೂ ಕಾರಣ. ಎಂಜಿಎಂ ಸಂಸ್ಥೆ ಹಕ್ಕು ಪಡೆದು, 2008ರ ಫೆಬ್ರವರಿಯಲ್ಲಿ ಬಿಡುಗಡೆ ಎಂದು ಚಿತ್ರಮಂದಿರಗಳಲ್ಲಿ ಟ್ರೇಲರನ್ನೂ ತೋರಿಸಿತ್ತು. ಆಮೇಲೆ ಬಿಡುಗಡೆ ಕೈಬಿಟ್ಟಿತು. 2014ರಲ್ಲಿ ಡೈರೆಕ್‌ಟಿವಿಯಲ್ಲಿ ಕಾಣಿಸಿಕೊಂಡು ಸ್ವಲ್ಪ ದಿನಕ್ಕೇ ಮಾಯವಾಯಿತು. ಅಧಿಕೃತ ಬ್ಲೂ-ರೇ ಬಂದದ್ದು 2017ರಲ್ಲಿ. ನಡುವಿನ ವರ್ಷಗಳಲ್ಲಿ ಚಿತ್ರ ಕೈಯಿಂದ ಕೈಗೆ ಕದ್ದ ಪ್ರತಿಯಾಗಿ ಹರಿದಾಡಿತು. ಹಂತಕನ ಟೇಪುಗಳ ಬಗೆಗಿನ ಸಿನಿಮಾವನ್ನು ಕದ್ದ ಪ್ರತಿಯಲ್ಲೇ, ಮಸುಕಾದ ಚಿತ್ರದಲ್ಲೇ ನೋಡಿದವನಿಗೆ ಇದನ್ನು ಯಾರೋ ಮುಚ್ಚಿಹಾಕುತ್ತಿದ್ದಾರೆ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ? ಸರ್ಕಾರ ನಿಷೇಧಿಸಿದೆ, ಒಳಗಿರುವುದು ನಿಜವಾದ ಟೇಪು ಎಂಬ ಮಾತುಗಳು ಹುಟ್ಟಿದ್ದು ಹೀಗೆ.

ಇಂಥ ಬೇರೆ ಚಿತ್ರಗಳನ್ನು ನಂಬಿ ಪೊಲೀಸರ ತನಕ ಹೋದವರೂ ಇದ್ದಾರೆ. 1985ರ ಜಪಾನಿ ಚಿತ್ರಸರಣಿ 'ಗಿನಿ ಪಿಗ್'ನ ಒಂದು ಭಾಗದಲ್ಲಿ ಒಬ್ಬ ಹೆಂಗಸನ್ನು ಕತ್ತರಿಸುವುದನ್ನು ತೋರಿಸಲಾಗಿದೆ. 1991ರಲ್ಲಿ ಅದನ್ನು ನೋಡಿದ ಹಾಲಿವುಡ್ ನಟ ಚಾರ್ಲಿ ಶೀನ್, ಇದು ನಿಜವಾದ ಕೊಲೆ ಎಂದು ಅಧಿಕಾರಿಗಳಿಗೆ ದೂರು ಕೊಟ್ಟರು. ಎಫ್‌ಬಿಐ ವಿಚಾರಣೆ ನಡೆಸಿತು. ಮೇಕಪ್ ಮತ್ತು ಕೃತಕ ಅಂಗಗಳಿಂದ ಆ ದೃಶ್ಯ ಹೇಗೆ ಮಾಡಿದೆವೆಂದು ತೋರಿಸುವ ಇನ್ನೊಂದು ಚಿತ್ರವೇ ನಿರ್ಮಾಪಕರ ಬಳಿ ಇತ್ತು. ಕ್ಯಾಮೆರಾ ಮುಂದೆಯೇ ಬದುಕಿದ, ಸಿನಿಮಾ ಕುಟುಂಬದಲ್ಲೇ ಹುಟ್ಟಿದ ನಟನೇ ನಂಬಿದ ಮೇಲೆ ಸಾಮಾನ್ಯ ಪ್ರೇಕ್ಷಕನನ್ನು ಯಾಕೆ ದೂರಬೇಕು? ಇಟಲಿಯ ರುಜೆರೊ ದೆಯೊದಾಟೊ 1980ರಲ್ಲಿ 'ಕ್ಯಾನಿಬಲ್ ಹೊಲೊಕಾಸ್ಟ್' ತೆಗೆದಾಗ, ನಟರನ್ನು ನಿಜವಾಗಿ ಕೊಂದಿದ್ದಾನೆಂಬ ಅನುಮಾನ ನ್ಯಾಯಾಲಯ ಮುಟ್ಟಿತು. ಸ್ವಲ್ಪ ಕಾಲ ಕಣ್ಮರೆಯಾಗಿರಬೇಕೆಂದು ಅವರೊಂದಿಗೆ ಒಪ್ಪಂದ ಮಾಡಿಕೊಂಡಿದ್ದ ನಿರ್ದೇಶಕ, ಅವರು ಬದುಕಿದ್ದಾರೆಂದು ತೋರಿಸಿಕೊಡಬೇಕಾಯಿತು. ಆ ಚಿತ್ರದಲ್ಲಿ ಪ್ರಾಣಿಗಳನ್ನು ಮಾತ್ರ ನಿಜವಾಗಿಯೇ ಕೊಂದಿದ್ದರು. ಅದಕ್ಕೆ ಯಾವ ಕ್ಷಮೆಯೂ ಇಲ್ಲ.

1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಈ ನಂಬಿಕೆಯನ್ನೇ ವ್ಯಾಪಾರದ ಬಂಡವಾಳ ಮಾಡಿಕೊಂಡಿತು. ಮೂವರು ಯುವಕಲಾವಿದರ ಹೆಸರುಗಳನ್ನೇ ಪಾತ್ರಗಳಿಗಿಟ್ಟು, ಅವರು ಕಾಡಿನಲ್ಲಿ ಕಾಣೆಯಾದರೆಂದು ಪೋಸ್ಟರ್ ಹಚ್ಚಿದರು. ನಟಿ ಹೆದರ್ ಡೊನಹ್ಯು ಅವರ ತಾಯಿಗೆ ಸಂತಾಪ ಪತ್ರಗಳು ಬಂದವು. ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 24.8 ಕೋಟಿ ಡಾಲರ್. ಬದುಕಿರುವ ಮಗಳಿಗಾಗಿ ಸಂತಾಪ ಓದಬೇಕಾದ ತಾಯಿಯ ಬಗ್ಗೆ ಆ ಗಲಾಟೆಯಲ್ಲಿ ಯಾರೂ ಹೆಚ್ಚು ಯೋಚಿಸಿದಂತಿಲ್ಲ.

ಪ್ರೇಕ್ಷಕರ ಪ್ರತಿಕ್ರಿಯೆಯ ವಿಷಯ ಬಂದಾಗ ಬ್ರಿಟನ್ನಿನ 'ಘೋಸ್ಟ್‌ವಾಚ್' ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಅದರಲ್ಲಿ ಸರಣಿ ಹಂತಕನಿಲ್ಲ, ದೆವ್ವವಿದೆ. ಆದರೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಒಂದೇ ರಾತ್ರಿ ಒಂದು ದೇಶವನ್ನು ನಡುಗಿಸಿದ ಹುಸಿ ಸಾಕ್ಷ್ಯಚಿತ್ರ ಇನ್ನೊಂದು ನನಗೆ ಗೊತ್ತಿಲ್ಲ. 1992ರ ಅಕ್ಟೋಬರ್ 31ರ ರಾತ್ರಿ ಬಿಬಿಸಿ ಒನ್ ವಾಹಿನಿಯಲ್ಲಿ ಇದು ಪ್ರಸಾರವಾಯಿತು. ಮೊದಲೇ ಚಿತ್ರೀಕರಿಸಿಟ್ಟ ನಾಟಕ, ನೋಡುವವರಿಗೆ ಮಾತ್ರ ನೇರಪ್ರಸಾರ. ದಶಕಗಳಿಂದ ಮನೆಮಾತಾಗಿದ್ದ ಟೀವಿ ನಿರೂಪಕ ಮೈಕೆಲ್ ಪಾರ್ಕಿನ್ಸನ್ ಸ್ಟುಡಿಯೋದಲ್ಲಿ ಕೂತಿದ್ದಾರೆ, ಮಕ್ಕಳ ಕಾರ್ಯಕ್ರಮಗಳ ಸಾರಾ ಗ್ರೀನ್ ದೆವ್ವವಿರುವ ಮನೆಗೆ ಹೋಗಿದ್ದಾರೆ. ಎಲ್ಲರೂ ತಮ್ಮ ಸ್ವಂತ ಹೆಸರಿನಲ್ಲೇ. ಪರದೆಯ ಮೇಲೆ ಬಿಬಿಸಿ ತನ್ನ ಬೇರೆ ಕಾರ್ಯಕ್ರಮಗಳಿಗೆ ಬಳಸುತ್ತಿದ್ದ ನಿಜವಾದ ಫೋನ್ ನಂಬರು.

ಅದರೊಳಗೆ ಒಂದು ಕೈಚಳಕವಿದೆ. ಮಕ್ಕಳ ಮಲಗುವ ಕೋಣೆಯ ವಿಡಿಯೊ ತೋರಿಸುತ್ತಾರೆ. ಕಿಟಕಿಯ ಪರದೆಯ ಬಳಿ ಯಾರೋ ನಿಂತಿದ್ದ ಹಾಗಿತ್ತು ಎಂದು ಫೋನ್ ಮಾಡಿದವರು ಹೇಳುತ್ತಾರೆ. ಪಾರ್ಕಿನ್ಸನ್ ಮತ್ತೆ ಹಾಕಿಸುತ್ತಾರೆ. ಮೊದಲು ಕಂಡದ್ದು ಈ ಬಾರಿ ಹಾಗೆಯೇ ಕಾಣುವುದಿಲ್ಲ. ಮನೆಯಲ್ಲಿ ಕೂತ ಪ್ರೇಕ್ಷಕನಿಗೆ ತನ್ನ ಕಣ್ಣಿನ ಮೇಲೇ ಅನುಮಾನ ಬರುತ್ತದೆ. ಬರಹಗಾರ ಸ್ಟೀಫನ್ ವೋಲ್ಕ್ ಮತ್ತು ನಿರ್ದೇಶಕಿ ಲೆಸ್ಲಿ ಮ್ಯಾನಿಂಗ್ ಇದನ್ನು ಬೇಕೆಂದೇ ಹೆಣೆದಿದ್ದರು. ಆ ನಂಬರಿಗೆ ಕರೆ ಮಾಡಿದವರಿಗೆ ಇದು ಕತೆ ಎಂಬ ಸಂದೇಶ ಸಿಗುವ ಏರ್ಪಾಡಿತ್ತು. ಆದರೆ ಕರೆಗಳ ಒತ್ತಡಕ್ಕೆ ಲೈನೇ ಸಿಗಲಿಲ್ಲ. ಸಮಾಧಾನ ಹೇಳಬೇಕಾದ ಫೋನು ಎಂಗೇಜ್ ಆಗಿದ್ದಾಗ, ಅಲ್ಲಿ ನಿಜವಾಗಿ ಏನೋ ಆಗಿಹೋಗಿದೆ ಎಂದು ಜನ ಗಾಬರಿಯಾದರು. ನೋಡಿದವರು ಸುಮಾರು 1.1 ಕೋಟಿ.

ಮುಂದಿನದ್ದು ಬರೆಯಲು ಕಷ್ಟವಾಗುವ ಸಂಗತಿ. ಪ್ರಸಾರವಾದ ಐದು ದಿನಕ್ಕೆ ಹದಿನೆಂಟು ವರ್ಷದ ಒಬ್ಬ ಹುಡುಗ ಆತ್ಮಹತ್ಯೆ ಮಾಡಿಕೊಂಡ. ಕಾರ್ಯಕ್ರಮವೇ ಕಾರಣ ಎಂದು ಹೆತ್ತವರು ಹೇಳಿದರು. 1994ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್, ಇದನ್ನು ನೋಡಿದ ಇಬ್ಬರು ಹತ್ತು ವರ್ಷದ ಹುಡುಗರಲ್ಲಿ ಆಘಾತದ ನಂತರ ಕಾಣುವ ಮಾನಸಿಕ ತೊಂದರೆ ಉಂಟಾದದ್ದನ್ನು ವರದಿ ಮಾಡಿತು. ಸಾರಾ ಗ್ರೀನ್ ಮಕ್ಕಳ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡು, ತನಗೇನೂ ಆಗಿಲ್ಲವೆಂದು ಧೈರ್ಯ ಹೇಳಬೇಕಾಯಿತು. ಬಿಬಿಸಿ ಆ ಕಾರ್ಯಕ್ರಮವನ್ನು ಮತ್ತೆ ಪ್ರಸಾರ ಮಾಡಲೇ ಇಲ್ಲ. ದೊಡ್ಡವರು ಮರುದಿನ ಪತ್ರಿಕೆ ಓದಿ ಸುಧಾರಿಸಿಕೊಂಡರು. ಸಾರಾ ಗ್ರೀನ್ ಇದ್ದಾರೆಂಬ ಧೈರ್ಯದಲ್ಲೇ ಕೂತು ನೋಡಿದ ಮಕ್ಕಳಿಗೆ ಆ ಮುಖವೇ ಮೋಸ ಮಾಡಿತು.

ಸರಣಿ ಹಂತಕರ ವಿಷಯಕ್ಕೆ ಮರಳೋಣ. ನಂಬಿಸಲು ಹೋಗದೆಯೇ ಪ್ರೇಕ್ಷಕನನ್ನು ಇಕ್ಕಟ್ಟಿಗೆ ಸಿಕ್ಕಿಸಿದ ಎರಡು ಚಿತ್ರಗಳಿವೆ, ನನಗೆ ಅವು ಹೆಚ್ಚು ಮುಖ್ಯ. ಒಂದು, 1992ರ ಬೆಲ್ಜಿಯಂ ಚಿತ್ರ 'ಮ್ಯಾನ್ ಬೈಟ್ಸ್ ಡಾಗ್'. ಒಂದು ಸಾಕ್ಷ್ಯಚಿತ್ರ ತಂಡ ಬೆನ್ ಎಂಬ ಹಂತಕನ ಬೆನ್ನ ಹಿಂದೆಯೇ ತಿರುಗುತ್ತ ಅವನ 'ಕೆಲಸ'ವನ್ನು ಚಿತ್ರೀಕರಿಸುತ್ತದೆ. ಬೆನ್ ಮಾತುಗಾರ, ಕವಿತೆ ಓದುತ್ತಾನೆ, ತಾಯಿಯನ್ನು ಪ್ರೀತಿಸುತ್ತಾನೆ. ನಟ ಬೆನ್ವಾ ಪುಲ್ವೋರ್ಡ್ ಅವರ ನಿಜವಾದ ತಾಯಿಯೇ ಚಿತ್ರದಲ್ಲೂ ತಾಯಿ. ಪ್ರೇಕ್ಷಕರು ಅವನ ಮಾತಿಗೆ ನಗುತ್ತಾರೆ. ತಂಡ ಮೊದಲು ಸುಮ್ಮನೆ ನೋಡುತ್ತದೆ, ಆಮೇಲೆ ಅವನ ದುಡ್ಡು ಪಡೆಯುತ್ತದೆ, ಹೆಣ ಸಾಗಿಸಲು ಕೈಕೊಡುತ್ತದೆ, ಕೊನೆಗೆ ಒಂದು ಅತ್ಯಾಚಾರದಲ್ಲಿ ತಾನೂ ಪಾಲುಗೊಳ್ಳುತ್ತದೆ. ಅಲ್ಲಿಗೆ ನಗು ನಿಲ್ಲುತ್ತದೆ. ಅದಕ್ಕೂ ಹಿಂದೆ ಯಾಕೆ ನಕ್ಕೆ ಎಂಬ ಪ್ರಶ್ನೆ ನೋಡುಗನಲ್ಲಿ ಉಳಿಯುತ್ತದೆ.

ಇನ್ನೊಂದು, ಜಾನ್ ಮೆಕ್‌ನಾಟನ್ ಅವರ 'ಹೆನ್ರಿ: ಪೋರ್ಟ್ರೇಟ್ ಆಫ್ ಎ ಸೀರಿಯಲ್ ಕಿಲ್ಲರ್'. ಇದು ಹುಸಿ ಸಾಕ್ಷ್ಯಚಿತ್ರವಲ್ಲ, ಆದರೆ ಒಂದು ದೃಶ್ಯ ಆ ಇಡೀ ಪ್ರಕಾರದ ತಿರುಳನ್ನೇ ಹಿಡಿದಿದೆ. ಒಂದು ಕುಟುಂಬವನ್ನು ಕೊಲ್ಲುವುದು ಅಲುಗಾಡುವ ವಿಡಿಯೊ ಕ್ಯಾಮೆರಾದಲ್ಲಿ ಕಾಣುತ್ತದೆ. ಈಗ ನಡೆಯುತ್ತಿದೆ ಎಂದುಕೊಂಡು ನಾವು ನೋಡುತ್ತೇವೆ. ಆಮೇಲೆ ಗೊತ್ತಾಗುತ್ತದೆ, ಇದು ಟೇಪು, ಇಬ್ಬರು ಕೊಲೆಗಾರರು ಸೋಫಾದಲ್ಲಿ ಕೂತು ಅದನ್ನು ಟೀವಿಯಲ್ಲಿ ನೋಡುತ್ತಿದ್ದಾರೆ, ನಾವೂ ಅವರ ಜೊತೆಗೇ ಕೂತಿದ್ದೇವೆ. ಬ್ರಿಟನ್ನಿನ ಸೆನ್ಸಾರ್ ಮಂಡಳಿಯ ಮುಖ್ಯಸ್ಥ ಜೇಮ್ಸ್ ಫರ್ಮನ್ ವಿಡಿಯೊ ಬಿಡುಗಡೆಗೆ ಅನುಮತಿ ಕೊಡುವಾಗ ಬರಿಯ ಕತ್ತರಿ ಹಾಕಲಿಲ್ಲ, ಕೊಲೆಗಾರರು ನೋಡುತ್ತಿರುವ ಶಾಟನ್ನು ದೃಶ್ಯದ ನಡುವಿಗೇ ತಂದು ಕೂರಿಸಿದರು. ಇದು ಟೇಪೆಂದು ಪ್ರೇಕ್ಷಕನಿಗೆ ಬೇಗ ಗೊತ್ತಾಗಲಿ, ಪೆಟ್ಟು ತಗ್ಗಲಿ ಎಂಬ ಉದ್ದೇಶ. ಪ್ರೇಕ್ಷಕನ ಮನಸ್ಸನ್ನು ಅವರು ಚೆನ್ನಾಗಿಯೇ ಅರಿತಿದ್ದರು, ಆದರೆ ಚಿತ್ರದ ಅತ್ಯಂತ ಪ್ರಾಮಾಣಿಕ ಕ್ಷಣವನ್ನು ಅದೇ ಅರಿವಿನಿಂದ ಹಾಳುಮಾಡಿದರು.

ಪ್ರೇಕ್ಷಕ ನಂಬಿದನೋ ಇಲ್ಲವೋ ಎಂಬುದಕ್ಕಿಂತ, ಯಾರ ನೋವನ್ನು ಎರವಲು ತಂದು ಅವನನ್ನು ನಂಬಿಸಿದರು ಎಂಬ ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ. ಪೊಕಿಪ್ಸಿ ಹಡ್ಸನ್ ನದಿಯ ದಂಡೆಯ ನಿಜವಾದ ಪಟ್ಟಣ. ಅಲ್ಲಿ ಕೆಂಡಾಲ್ ಫ್ರಾಂಕ್ವಾ ಎಂಬ ನಿಜವಾದ ಸರಣಿ ಹಂತಕ 1996ರಿಂದ 1998ರ ನಡುವೆ ಎಂಟು ಹೆಂಗಸರನ್ನು ಕೊಂದು, ಶವಗಳನ್ನು ತಾನು ಹೆತ್ತವರೊಂದಿಗೆ ವಾಸವಿದ್ದ ಮನೆಯಲ್ಲೇ ಬಚ್ಚಿಟ್ಟಿದ್ದ. ಅವನಿಂದ ತಪ್ಪಿಸಿಕೊಂಡ ಹೆಂಗಸೊಬ್ಬಳಿಂದಾಗಿ 1998ರ ಸೆಪ್ಟೆಂಬರಿನಲ್ಲಿ ಸಿಕ್ಕಿಬಿದ್ದ. ಸತ್ತವರಲ್ಲಿ ಹೆಚ್ಚಿನವರು ಲೈಂಗಿಕ ವೃತ್ತಿಯಲ್ಲಿದ್ದವರು. ಒಬ್ಬರ ಹಿಂದೆ ಒಬ್ಬರು ಕಾಣೆಯಾಗುತ್ತಿದ್ದರೂ ಮನೆಯವರು ಉತ್ತರಕ್ಕಾಗಿ ಎರಡು ವರ್ಷ ಕಾಯಬೇಕಾಯಿತು. ಆ ಗಾಯಕ್ಕೆ ಹತ್ತು ವರ್ಷವೂ ತುಂಬುವ ಮೊದಲೇ ಪಟ್ಟಣದ ಹೆಸರು ಒಂದು ಭಯಾನಕ ಚಿತ್ರದ ಶೀರ್ಷಿಕೆಯಾಯಿತು. ಕತೆಗೂ ಫ್ರಾಂಕ್ವಾಗೂ ಹೋಲಿಕೆ ಕಡಿಮೆ, ಅವನ ಮನೆಯಲ್ಲಿ ಅಂಥ ಟೇಪುಗಳು ಇರಲಿಲ್ಲ. ಆದರೆ 'ಪೊಕಿಪ್ಸಿ' ಮತ್ತು 'ಸರಣಿ ಹಂತಕ' ಎಂದು ಹುಡುಕುವವರಿಗೆ ಇಂದು ಕಟ್ಟುಕತೆಯ ಕಾರ್ವರ್ ಕೂಡ ಎದುರಾಗುತ್ತಾನೆ. ಆ ಎಂಟು ಹೆಂಗಸರು ಅವನ ಹಿಂದೆ ಮರೆಯಾಗಿದ್ದಾರೆ.

2009ರ 'ದಿ ಫೋರ್ತ್ ಕೈಂಡ್' ಇದಕ್ಕಿಂತ ಮುಂದೆ ಹೋಯಿತು. ಅಲಾಸ್ಕಾದ ನೋಮ್ ಪಟ್ಟಣದಲ್ಲಿ ಜನ ನಿಜವಾಗಿಯೇ ಕಾಣೆಯಾಗಿದ್ದರು, ಅವರಲ್ಲಿ ಹಲವರು ಅಲ್ಲಿನ ಮೂಲನಿವಾಸಿಗಳು. ಚಿತ್ರ ಆ ಕಣ್ಮರೆಗಳನ್ನು ಅನ್ಯಗ್ರಹ ಜೀವಿಗಳ ತಲೆಗೆ ಕಟ್ಟಿ, 'ನಿಜವಾದ ದೃಶ್ಯ' ಎಂದು ನಟಿಯೊಬ್ಬಳ ಸಂದರ್ಶನ ತೋರಿಸಿತು. ಪ್ರಚಾರಕ್ಕಾಗಿ ಅಲಾಸ್ಕಾದ ಪತ್ರಿಕೆಗಳ ಹೆಸರಿನಲ್ಲಿ ಸುಳ್ಳು ಸುದ್ದಿಗಳನ್ನೂ ಸೃಷ್ಟಿಸಲಾಗಿತ್ತು. ಪತ್ರಿಕೆಗಳು ಬಿಡಲಿಲ್ಲ. ಯೂನಿವರ್ಸಲ್ ಸಂಸ್ಥೆ ಅಲಾಸ್ಕಾ ಪ್ರೆಸ್ ಕ್ಲಬ್ಬಿಗೆ 20,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಣ್ಣನನ್ನೋ ಮಗನನ್ನೋ ಕಳೆದುಕೊಂಡ ಮನೆಯವರಿಗೆ ಆದ ಅವಮಾನ ಆ ಮೊತ್ತದ ಲೆಕ್ಕದಲ್ಲಿ ಬರುವಂಥದ್ದಲ್ಲ.

ಕನ್ನಡಕ್ಕೂ ಈ ಪ್ರಕಾರ ಬಂದಿದೆ. ಕೆ.ಎಸ್. ಅಶೋಕ ನಿರ್ದೇಶನದ '6-5=2' 2013ರ ನವೆಂಬರಿನಲ್ಲಿ ತೆರೆಕಂಡಾಗ, ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾದಲ್ಲಿ ಸಿಕ್ಕ ನಿಜವಾದ ದೃಶ್ಯಗಳೆಂಬಂತೆಯೇ ಪ್ರಚಾರ ನಡೆಯಿತು. ಜನ ನಂಬಿದರು, ನಂಬದವರೂ ಹೆದರಿದರು, ಚಿತ್ರ ಗೆದ್ದಿತು. ಅದು ಕಾಡಿನ ದೆವ್ವದ ಕತೆಯಾದ್ದರಿಂದ ಯಾರ ಮನೆಯ ಸಾವನ್ನೂ ಮುಟ್ಟಲಿಲ್ಲ. ನಾಳೆ ಇದೇ ಶೈಲಿಯಲ್ಲಿ ಯಾರಾದರೂ ಸರಣಿ ಹಂತಕನ ಕತೆ ಎತ್ತಿಕೊಂಡರೆ ಮಾತು ಬೇರೆಯಾಗುತ್ತದೆ. ಸರಣಿ ಹಂತಕ ಸೈನೈಡ್ ಮೋಹನ್ 2009ರಲ್ಲಿ ಸಿಕ್ಕಿಬೀಳುವ ತನಕ ಕರಾವಳಿಯ ಎಷ್ಟೋ ಬಡ ಮನೆಗಳಲ್ಲಿ ಮಗಳು ಯಾರನ್ನೋ ಮದುವೆಯಾಗಿ ಎಲ್ಲೋ ಇದ್ದಾಳೆ ಎಂದುಕೊಂಡೇ ಇದ್ದರು. ಅಂಥ ಮನೆಯೊಂದರ ಊರಿನ ಹೆಸರಿಟ್ಟು, ನಟಿಯೊಬ್ಬಳನ್ನು ತಾಯಿಯಾಗಿ ಕೂರಿಸಿ, ಹುಸಿ ಟೇಪು ತೋರಿಸಿದರೆ ಹೇಗಿರುತ್ತದೆಂದು ಬಂಟ್ವಾಳದವರನ್ನೋ ಪುತ್ತೂರಿನವರನ್ನೋ ಕೇಳಬೇಕು, ವಿಮರ್ಶಕರನ್ನಲ್ಲ. ಊರಿನ ಹೆಸರು ಕಲ್ಪಿಸಿಕೊಳ್ಳಲು ಖರ್ಚೇನೂ ಇಲ್ಲ.

ಈಗ ಇನ್ನೊಂದು ತೊಡಕು ಸೇರಿಕೊಂಡಿದೆ. ಚಿತ್ರಮಂದಿರದಲ್ಲಿ ನೋಡಿದವನಿಗೆ ಕೊನೆಯಲ್ಲಿ ನಟರ ಹೆಸರುಗಳಾದರೂ ಕಾಣುತ್ತಿದ್ದವು. ಮೊಬೈಲಿನಲ್ಲಿ ಹದಿನೈದು ಸೆಕೆಂಡಿನ ತುಣುಕಾಗಿ ಬಂದಾಗ ಶೀರ್ಷಿಕೆಯೂ ಇಲ್ಲ, ಕೊನೆಯೂ ಇಲ್ಲ. ಮೈಕೆಲ್ ಗೋಯ್ ಅವರ 'ಮೇಗನ್ ಈಸ್ ಮಿಸ್ಸಿಂಗ್' ಹದಿಹರೆಯದ ಹುಡುಗಿಯರ ಅಪಹರಣವನ್ನು ಅವರದೇ ವಿಡಿಯೊಗಳ ರೂಪದಲ್ಲಿ ತೋರಿಸುವ 2011ರ ಚಿತ್ರ. 2020ರ ನವೆಂಬರಿನಲ್ಲಿ, ಮಕ್ಕಳು ಮನೆಯಲ್ಲೇ ಇದ್ದ ದಿನಗಳಲ್ಲಿ, ಅದು ಟಿಕ್‌ಟಾಕಿನಲ್ಲಿ ಹಠಾತ್ತನೆ ಹರಡಿತು. ನೋಡಿ ಅತ್ತ ಹುಡುಗ ಹುಡುಗಿಯರು ತಮ್ಮ ಮುಖವನ್ನೇ ಚಿತ್ರೀಕರಿಸಿ ಹಾಕಿದರು. ಗೋಯ್ ತಾವೇ ಟಿಕ್‌ಟಾಕಿಗೆ ಬಂದು ಎಚ್ಚರಿಕೆ ಕೊಟ್ಟರು: ನಡುರಾತ್ರಿ ನೋಡಬೇಡಿ, ಒಬ್ಬರೇ ಕೂತು ನೋಡಬೇಡಿ. ಮೊದಲ ಫೋಟೊ ಎಂಬ ಅಕ್ಷರಗಳು ಪರದೆಯ ಮೇಲೆ ಬಂದರೆ, ಬೇಡವಾದದ್ದನ್ನು ನೋಡುವ ಮೊದಲು ಆಫ್ ಮಾಡಲು ನಿಮಗೆ ನಾಲ್ಕು ಸೆಕೆಂಡು ಸಮಯವಿದೆ ಎಂದೂ ಹೇಳಿದರು. ಚಿತ್ರ ಬಂದು ಒಂಬತ್ತು ವರ್ಷವಾದ ಮೇಲೂ ಅದನ್ನು ನೋಡುವ ಅಪರಿಚಿತ ಮಕ್ಕಳ ಹೊಣೆ ತನ್ನದೆಂದು ಒಬ್ಬ ನಿರ್ದೇಶಕ ಬಗೆದದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಅಂಥ ನೇರ ಸೂಚನೆಯನ್ನು, ಎಷ್ಟನೇ ನಿಮಿಷದಲ್ಲಿ ಏನು ಬರುತ್ತದೆ ಎಂಬ ವಿವರದೊಂದಿಗೆ, ಒಟಿಟಿ ಸಂಸ್ಥೆಗಳು ಇಂಥ ಪ್ರತಿ ಚಿತ್ರದ ಮೊದಲಿಗೆ ಕನ್ನಡದಲ್ಲೂ ಹಾಕಬಹುದು.